ರುದ್ರಾಂಬೆಯ ಹನ್ನೊಂದು ಪುಟ

ಮೊದಲ ದಿನ: ಬೆಂಗಳೂರಿಂದ ತೀರ್ಥಹಳ್ಳಿ

ಬೆಳಿಗ್ಗೆ ಐದೂವರೆಗೆ ಬಸವನಗುಡಿ ಬಿಟ್ಟೆವು. ಟೆಂಪೋ ಟ್ರಾವೆಲರ್ ತಲೆ ಮೇಲೆ ಎರಡು ಕಬ್ಬಿಣದ ಟ್ರಂಕು, ಒಂದು ಸಿಂಹಾಸನ, ಪ್ಲೈವುಡ್ಡಿನ ನಾಲ್ಕು ಕಂಬ. ಒಳಗೆ ಹದಿಮೂರು ಜನ. ಸಿಂಹಾಸನ ಕಟ್ಟಿದ ಹಗ್ಗ ಸಡಿಲ ಆಗಿದೆ ಅಂತ ನೆಲಮಂಗಲ ಮುಟ್ಟುವಷ್ಟರಲ್ಲಿ ಮೂರು ಸಲ ಗಾಡಿ ನಿಲ್ಲಿಸಿದೆವು. ಮೂರನೇ ಸಲಕ್ಕೆ ಡ್ರೈವರ್, "ದೊರೆನೇ ಇಲ್ದಿರೋ ಸಿಂಹಾಸನಕ್ಕೆ ಇಷ್ಟೊಂದು ಸೇವೆನಾ ಸಾರ್?" ಅಂದ. ಅವನಿಗೆ ನಾಟಕದ ಕಥೆ ಗೊತ್ತಿರಲಿಲ್ಲ. ಆದರೂ ಸರಿಯಾಗೇ ಹೇಳಿದ್ದ.

ಐದನೇ ದಿನ ಮಲೆನಾಡಿನಲ್ಲಿ ನಾವು ಆಡಬೇಕಿದ್ದ ನಾಟಕ ಕುವೆಂಪು ಅವರ 'ರಕ್ತಾಕ್ಷಿ'. 1932ರದ್ದು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ಟನ್ನು ಡೆನ್ಮಾರ್ಕಿನಿಂದ ಎತ್ತಿ ನಮ್ಮ ಮಲೆನಾಡಿನ ಬಿದನೂರಿಗೆ ತಂದು ಕೂರಿಸಿದ ನಾಟಕ. ಹ್ಯಾಮ್ಲೆಟ್ ಇಲ್ಲಿ ಬಸವಯ್ಯ. ತಾಯಿ ಚೆಲುವಾಂಬೆ. ಅವಳ ಬೆನ್ನಿಗಿರುವ ಖಳ ನಿಂಬಯ್ಯ. ಮಂತ್ರಿ ಲಿಂಗಣ್ಣ. ಅವನ ಮಗಳು ರುದ್ರಾಂಬೆ, ಅಂದರೆ ಹ್ಯಾಮ್ಲೆಟ್ ಪ್ರೀತಿಸುವ ಒಫೀಲಿಯಾ ನಮ್ಮಲ್ಲಿ ಇವಳೇ. ಆದರೆ ಈ ಒಫೀಲಿಯಾ ಹೂ ಹಿಡಿದುಕೊಂಡು ನೀರಲ್ಲಿ ತೇಲಿ ಹೋಗುವವಳಲ್ಲ. ಸೇಡಿಗೆ ನಿಲ್ಲುವವಳು. ನಾಟಕದ ಹೆಸರಿರುವುದೂ ಅವಳ ಕೆಂಪು ಕಣ್ಣಿನ ಮೇಲೆ, ದೊರೆಮಗನ ಮೇಲಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದಿನ ಐದು ದಿನ ನಾವು ಜಗಳ ಆಡಿದ್ದೆಲ್ಲ ಇದಕ್ಕೇ.

ನಮ್ಮದು ಹವ್ಯಾಸಿ ತಂಡ. ಬ್ಯಾಂಕು, ಇನ್ಶೂರೆನ್ಸು, ಶಾಲೆ, ಲ್ಯಾಬು ಅಂತ ಹಗಲೆಲ್ಲ ದುಡಿದು, ಒಂದು ಮದುವೆ ಛತ್ರದ ಮೇಲಿನ ಕೋಣೆಯಲ್ಲಿ ಮೂರು ತಿಂಗಳು ತಾಲೀಮು ಮಾಡಿದ್ದೆವು. ಕೆಳಗೆ ನಾದಸ್ವರ, ಮೇಲೆ ಕೊಲೆ. ತಾಲೀಮು ಶುರುವಾದ ಮೇಲೆ ನಮ್ಮಲ್ಲಿ ಯಾರಿಗೂ ಸ್ವಂತ ಹೆಸರು ಇರುವುದಿಲ್ಲ. "ನಿಂಬಯ್ಯ, ಕಾಫಿ ಹೇಳಪ್ಪ", "ಚೆಲುವಾಂಬೆ, ನಿಮ್ಮತ್ತೆ ಫೋನು" ಹೀಗೇ. ನಿರ್ದೇಶಕರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಹಾಗಾಗಿ ಮೇಷ್ಟ್ರು. ನಾನು ಪ್ರಾಂಪ್ಟರ್. ಸೈಡ್‌ವಿಂಗ್‌ನಲ್ಲಿ ಟಾರ್ಚು ಹಿಡಿದು, ಮರೆತವರಿಗೆ ಮೊದಲ ಪದ ಪಿಸುಗುಡುವವಳು. ನನಗೆ ಪಾತ್ರ ಇಲ್ಲ, ಹಾಗಾಗಿ ಎಲ್ಲರಿಗೂ ನಾನು ಅಕ್ಕ.

ಪ್ರಾಂಪ್ಟರ್ ಕಾಪಿ ಅನ್ನುವುದು ತಂಡದ ಜಾತಕ ಇದ್ದ ಹಾಗೆ. ಯಾರ ಮಾತು ಎಷ್ಟು ಕತ್ತರಿಸಿದರು, ಯಾರು ಎಲ್ಲಿ ಮುಗ್ಗರಿಸುತ್ತಾರೆ, ಎಲ್ಲ ಅದರಲ್ಲಿರುತ್ತದೆ. ನಾಟಕ ಎರಡು ಗಂಟೆಗೆ ಇಳಿಯಬೇಕು ಅಂತ ಮೇಷ್ಟ್ರು ಕತ್ತರಿ ಹಾಕಿದ್ದರು. ಬಸವಯ್ಯನದು ಒಂದು ಪುಟ ಹೋಗಿತ್ತು. ರುದ್ರಾಂಬೆಯದು ಹನ್ನೊಂದು. ಎಲ್ಲಾ ನಾನೇ ನನ್ನ ಕೈಯಾರೆ ಪೆನ್ಸಿಲ್‌ನಲ್ಲಿ ಗೀಟು ಹಾಕಿದ್ದು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ನಿಂಬಯ್ಯ ನಾಲ್ಕು ತಿಂದ. ಖಳನಾಯಕರು ಯಾವ ತಂಡದಲ್ಲೂ ಚೆನ್ನಾಗಿ ತಿನ್ನುತ್ತಾರೆ, ಮನಸ್ಸಿಗೆ ಭಾರ ಇರಲ್ಲ ನೋಡಿ. ಗುಬ್ಬಿಯಲ್ಲಿ ಮೇಷ್ಟ್ರು ಗಾಡಿ ನಿಲ್ಲಿಸಿ, ಕೆಳಗಿಳಿದು, ರಸ್ತೆ ಬದಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡರು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಶುರುವಾದ ಊರು. ಆ ಕಂಪನಿಯ ವೀರಣ್ಣನವರು 'ಕುರುಕ್ಷೇತ್ರ' ಆಡುವಾಗ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತರುತ್ತಿದ್ದರು. ನಮಗೆ ಒಂದು ಸಿಂಹಾಸನ ಬೀಳದ ಹಾಗೆ ಕಟ್ಟೋಕೆ ಬರಲಿಲ್ಲ.

ಅರಸೀಕೆರೆ ದಾಟಿದ ಮೇಲೆ ಮಾತು ಸಾವಿನ ಕಡೆ ತಿರುಗಿತು. ನಮ್ಮ ಹಳೇ ನಾಟಕದವರಿಗೆ ರಂಗದ ಮೇಲೆ ನಾಯಕ ಸಾಯುವುದು ಹಿಡಿಸುತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೋಮಿಯೋ ಜೂಲಿಯೆಟ್ಟನ್ನು 'ರಾಮವರ್ಮ ಲೀಲಾವತಿ' ಅಂತ ಕನ್ನಡಕ್ಕೆ ತಂದಾಗ ಸತ್ತ ಪ್ರೇಮಿಗಳನ್ನು ಎಬ್ಬಿಸಿ ಕೂರಿಸಿ ಮಂಗಳ ಹಾಡಿದರು. ಗ್ರೀಕರ ಟ್ರ್ಯಾಜಿಡಿಯನ್ನು ಮುಂದಿಟ್ಟುಕೊಂಡು 'ರುದ್ರನಾಟಕ' ಅನ್ನುವ ಮಾತನ್ನು ಬಳಕೆಗೆ ತಂದವರು ಬಿ.ಎಂ.ಶ್ರೀ. ಅವರ 'ಅಶ್ವತ್ಥಾಮನ್' 1929ರದ್ದು. ಸೋಫೋಕ್ಲಿಸನ ಏಜಾಕ್ಸ್‌ನ ಕಥೆ ಅಶ್ವತ್ಥಾಮನ ಮೈಮೇಲೆ ಬಂದಿದೆ. ಅಂದರೆ ಚಿರಂಜೀವಿಯೇ ಅಲ್ಲಿ ಪ್ರಾಣ ಕಳೆದುಕೊಳ್ಳುತ್ತಾನೆ. ಜನ ಸುಮ್ನೆ ಬಿಡ್ತಾರಾ? ಬೈದರು.

"ದುರಂತ ನಾಟಕ ಅಂತೀವಲ್ಲ, ಅದಕ್ಕೂ ರುದ್ರನಾಟಕಕ್ಕೂ ಏನು ವ್ಯತ್ಯಾಸ ಮೇಷ್ಟ್ರೇ?" ಅಂತ ಬಸವಯ್ಯ ಕೇಳಿದ.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿಂದ ರುದ್ರಾಂಬೆ, "ದುರಂತದಲ್ಲಿ ಎಲ್ಲರೂ ಸಾಯ್ತಾರೆ. ರುದ್ರನಾಟಕದಲ್ಲಿ ನನ್ನ ಸೀನು ಸಾಯುತ್ತೆ" ಅಂದಳು.

ಯಾರೂ ನಗಲಿಲ್ಲ. ಗಾಡಿ ತೀರ್ಥಹಳ್ಳಿ ಸೇರುವ ತನಕ ಎಲ್ಲರೂ ನಿದ್ದೆ ಬಂದ ಹಾಗೆ ನಟಿಸಿದರು. ಅದರಲ್ಲೂ ಕೆಲವರದು ಕೆಟ್ಟ ನಟನೆ.

ಎರಡನೇ ದಿನ: ಕುಪ್ಪಳಿ

ಕುವೆಂಪು ಅವರ ಊರಿನ ಗುಡ್ಡ ಕವಿಶೈಲದಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಓದು ಆಗಬೇಕು ಅನ್ನುವುದು ಮೇಷ್ಟ್ರ ಬಹಳ ದಿನದ ಆಸೆ. ಜನವರಿ ಚಳಿ. ಆರೂವರೆಗೇ ಎಲ್ಲರನ್ನೂ ಗುಡ್ಡ ಹತ್ತಿಸಿದರು. ಮಂಜು ಎಷ್ಟಿತ್ತೆಂದರೆ ಸಾಲಾಗಿ ನಿಲ್ಲಿಸಿದ ದೊಡ್ಡ ದೊಡ್ಡ ಕಲ್ಲುಗಳು ನಾವು ಹತ್ತಿರ ಹೋಗುವ ತನಕ ಕಾಣಲೇ ಇಲ್ಲ. 1994ರಲ್ಲಿ ಕುವೆಂಪು ತೀರಿಕೊಂಡ ಮೇಲೆ ಅವರ ಅಂತ್ಯಸಂಸ್ಕಾರ ಆದದ್ದು ಇಲ್ಲೇ. ಚಪ್ಪಲಿ ಬಿಟ್ಟು ಕಾಲಿಟ್ಟರೆ ಬಂಡೆ ಐಸ್ ಥರ ಕೊರೆಯುತ್ತಿತ್ತು.

ಓದು ಅಂದರೆ ಓದು. ಮೆಲ್ಲಗೆ, ಕೂತು. ಆದರೆ ನಮ್ಮ ಬಸವಯ್ಯನಿಗೆ ಅಂಥ ಜಾಗ ಕಂಡರೆ ಸುಮ್ಮನಿರೋಕೆ ಆಗಲ್ಲ. ಅವನು ನಾಟಕಕ್ಕೆ ಬಂದಿದ್ದೇ ಕಾಲೇಜಿನ ಏಕಪಾತ್ರಾಭಿನಯದಿಂದ. ಶಾಲು ಕಿತ್ತೆಸೆದು, ಬಂಡೆ ತುದಿಗೆ ಹೋಗಿ ನಿಂತು, ದೊರೆಮಗನ ಒಂಟಿ ಮಾತು ಎತ್ತಿಕೊಂಡ. ಎದುರಿನ ಕಾಡಿಗೆ ಕೇಳಿಸಬೇಕು ಅನ್ನುವ ಹಾಗೆ. ಚೆನ್ನಾಗೇ ಇತ್ತು ಅನ್ನಿ. ಒಂದು ನಿಮಿಷ ನನಗೂ ಮೈ ಜುಮ್ಮೆಂದಿತು. ಎರಡನೇ ನಿಮಿಷಕ್ಕೆ ಒಬ್ಬರು ಹಿರಿಯರು ಕೋಲು ಊರಿಕೊಂಡು ಮೇಲೆ ಬಂದು, "ಸ್ವಾಮಿ, ಕವಿ ಮಲಗ್ಯಾರೆ. ಸ್ವಲ್ಪ ಮೆಲ್ಲಗೆ" ಅಂದರು. ಅವನು ಮೆಲ್ಲಗೆ ಮಾಡಲಿಲ್ಲ. ಮಾತು ಮುಗಿಸಿಯೇ ನಿಲ್ಲಿಸಿದ.

ರುದ್ರಾಂಬೆ ಈ ಗಲಾಟೆಯಿಂದ ದೂರ, ಸಹಿಗಳನ್ನು ಕೆತ್ತಿದ ಬಂಡೆ ಹತ್ತಿರ ಕೂತಿದ್ದಳು. ಕುವೆಂಪು ಜೊತೆ ಇಲ್ಲಿಗೆ ಬಂದಿದ್ದ ಬಿ.ಎಂ.ಶ್ರೀ ಮತ್ತು ಟಿ.ಎಸ್. ವೆಂಕಣ್ಣಯ್ಯನವರ ಹೆಸರೂ ಅಲ್ಲಿದೆ. ಗುರುಗಳೂ ಶಿಷ್ಯರೂ ಪಿಕ್‌ನಿಕ್‌ಗೆ ಬಂದ ಹುಡುಗರ ಹಾಗೆ ಕಲ್ಲಿನ ಮೇಲೆ ಹೆಸರು ಬರೆದು ಹೋಗಿದ್ದಾರೆ. ನಿನ್ನೆ ಗಾಡಿಯಲ್ಲಿ ನಮ್ಮ ಮಾತಿನಲ್ಲಿ ಬಂದಿದ್ದ ಕುವೆಂಪು, ಬಿ.ಎಂ.ಶ್ರೀ ಇಬ್ಬರೂ ಒಂದೇ ಬಂಡೆ ಮೇಲೆ! ನನಗೆ ಅದು ಮಜಾ ಅನ್ನಿಸಿತು. ಅವಳಿಗೆ ಬೇರೆ ಚಿಂತೆ.

"ಅಕ್ಕ, ನಿಮ್ಮ ಕಾಪಿಲಿ ಆ ಹನ್ನೊಂದು ಪುಟ ಹರಿದು ಹಾಕಿಲ್ಲ ಅಲ್ವಾ?"

"ಇಲ್ಲ ಕಣೇ. ಪೆನ್ಸಿಲ್ ಗೀಟು ಅಷ್ಟೇ."

"ನನಗೆ ಅಷ್ಟೂ ಬಾಯಿಪಾಠ ಬರುತ್ತೆ. ನೈಟ್ ಶಿಫ್ಟಲ್ಲಿ ಕಲಿತೆ."

ಅವಳು ಲ್ಯಾಬ್ ಟೆಕ್ನೀಷಿಯನ್. ರಾತ್ರಿಯೆಲ್ಲ ಜನರ ರಕ್ತದ ಬಾಟಲಿ ಎಣಿಸುತ್ತಾ ರಕ್ತಾಕ್ಷಿಯ ಮಾತು ಕಲಿತ ಹುಡುಗಿ. ಕತ್ತರಿಸಿದ ಮಾತನ್ನು ಯಾಕೆ ಕಲಿತೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತೇನೋ.

ಕೆಳಗೆ ಕವಿಮನೆ ಬಾಗಿಲು ತೆರೆಯುವ ಹೊತ್ತಿಗೆ ಬಿಸಿಲು ಬಂದಿತ್ತು. ಮೂರು ಅಂತಸ್ತಿನ ತೊಟ್ಟಿಮನೆ. ಒಳಗೆ ಅವರು ಬಳಸಿದ ವಸ್ತುಗಳು, ಪುಸ್ತಕಗಳು, ಹಳೇ ಕಾಲದ ಅಡುಗೆ ಸಾಮಾನು. 'ರಕ್ತಾಕ್ಷಿ' ಅಚ್ಚಾದಾಗ ಕುವೆಂಪು ಅವರಿಗೆ ಇಪ್ಪತ್ತೆಂಟರ ಆಸುಪಾಸು. ನಮ್ಮ ಬಸವಯ್ಯನಿಗೆ ನಲವತ್ತೊಂದು. ಇದನ್ನು ನಿಂಬಯ್ಯ ಗಟ್ಟಿಯಾಗಿ ಹೇಳಿದ. ಉತ್ತರ ಕೊಡೋಕೆ ಬಸವಯ್ಯ ಬಾಯಿ ತೆರೆದ.

ಗಾಳಿ ಬಂತು. ಮಾತು ಬರಲಿಲ್ಲ.

ಮೂರನೇ ದಿನ: ನಗರ

ರಾತ್ರಿಯೇ ತೀರ್ಥಹಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿದ್ದೆವು. ಗಂಟಲು ಊದಿದೆ, ಎರಡು ದಿನ ಒಂದಕ್ಷರ ಮಾತಾಡಬಾರದು, ಪಿಸುಮಾತಂತೂ ಇನ್ನೂ ಕೆಟ್ಟದ್ದು ಅಂದರು. ಪ್ರದರ್ಶನಕ್ಕೆ ಇದ್ದದ್ದೂ ಎರಡೇ ದಿನ. ಬಸವಯ್ಯ ಅವತ್ತಿನಿಂದ ಮಾತಾಡಿದ್ದೆಲ್ಲ ತಂಡದ ವಾಟ್ಸಾಪ್ ಗ್ರೂಪಿನಲ್ಲಿ. ಪಕ್ಕದ ಸೀಟಲ್ಲಿ ಕೂತು, "ಕಿಟಕಿ ಮುಚ್ಚಿ, ಇದು ನನ್ನ ವಿರುದ್ಧ ಪಿತೂರಿ" ಅಂತ ಮೆಸೇಜ್ ಹಾಕುತ್ತಿದ್ದ. ಸಿಗ್ನಲ್ ಬಂದಲ್ಲೆಲ್ಲ ಹನ್ನೆರಡು ಫೋನು ಒಟ್ಟಿಗೆ ಟಣ್ ಅನ್ನುತ್ತಿದ್ದವು.

ನಗರ ಅಂದರೆ ಹಳೇ ಬಿದನೂರು. ಈಗ ಹೊಸನಗರ ತಾಲೂಕಿನ ಒಂದು ಸಣ್ಣ ಊರು. ಕೆಳದಿ, ಇಕ್ಕೇರಿ ಆದ ಮೇಲೆ ಕೆಳದಿ ನಾಯಕರು ರಾಜಧಾನಿ ಮಾಡಿಕೊಂಡದ್ದು ಇಲ್ಲಿ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂದ. ಹೈದರ್ ಹೋದ, ನಗರ ಉಳಿಯಿತು. ಇಲ್ಲಿ ಆಳಿದ ಶಿವಪ್ಪನಾಯಕನ ಭೂಕಂದಾಯದ ಲೆಕ್ಕಕ್ಕೆ 'ಶಿಸ್ತು' ಅಂತಲೇ ಹೆಸರು. ಹದಿಮೂರು ಜನರನ್ನು ಗಾಡಿಯಿಂದ ಇಳಿಸಿ ಸಾಲಾಗಿ ನಿಲ್ಲಿಸೋಕೆ ಅರ್ಧ ಗಂಟೆ ಒದ್ದಾಡಿದ ಮೇಷ್ಟ್ರು, "ಒಬ್ಬ ಶಿವಪ್ಪನಾಯಕ ಬೇಕಿತ್ತು ಕಣ್ರೋ ನಿಮಗೆ" ಅಂದರು.

ಕೋಟೆ ಚೆನ್ನಾಗಿದೆ. ಸುತ್ತ ಕಂದಕ, ದಪ್ಪ ಗೋಡೆ, ಗೋಡೆ ಮೇಲೆಲ್ಲ ಪಾಚಿ. ಒಳಗೆ ಅರಮನೆ ಅನ್ನುವುದಕ್ಕೆ ಉಳಿದಿರುವುದು ಅಡಿಪಾಯ, ಮೆಟ್ಟಿಲು, ಒಂದು ಜಗಲಿ, ಹುಲ್ಲು. ನಾವು ಮೂರು ತಿಂಗಳು ಪ್ಲೈವುಡ್ಡಿಗೆ ಬಣ್ಣ ಹೊಡೆದು ಮಾಡಿದ್ದ ದರ್ಬಾರಿನ ನಿಜವಾದ ಜಾಗ ಇದು. ನಮ್ಮದೇ ಹೆಚ್ಚು ಅರಮನೆ ಥರ ಕಾಣುತ್ತಿತ್ತು. ಅದನ್ನು ನೋಡಿ ನಮ್ಮ ಸೆಟ್ಟಿನ ಹುಡುಗ ಕಂಬಕ್ಕೆ ಹಚ್ಚಿದ್ದ ಚಿನ್ನದ ಬಣ್ಣ ಅಳಿಸಬೇಕು ಅಂತ ಹಟ ಹಿಡಿದ. ಆ ಸಂಜೆ ಅಳಿಸಿಯೂ ಬಿಟ್ಟ.

ಜಗಲಿ ಮೇಲೆ ಬಿಸಿಲು ಕಾಯಿಸುತ್ತಾ ಒಬ್ಬ ಅಜ್ಜ ಕೂತಿದ್ದರು. ಕೈಯಲ್ಲಿ ಎಲೆಅಡಿಕೆ ಸಂಚಿ.

"ಎಂತ, ಶೂಟಿಂಗಾ?"

"ಅಲ್ಲ ಅಜ್ಜ, ನಾಟಕ. ಇದೇ ಕೋಟೆ ಕಥೆ." ಚೆಲುವಾಂಬೆ ಖುಷಿಯಿಂದ ಕಥೆ ಪೂರ್ತಿ ಹೇಳಿದಳು. ರಾಣಿ, ನಿಂಬಯ್ಯ, ದೊರೆಯ ಸಾವು, ಎಲ್ಲ.

ಅಜ್ಜ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ರಾಣಿ ಹಂಗಿರಲಿಲ್ಲ" ಅಂದರು. ಕುವೆಂಪು ಬರೆದದ್ದು ಅಂದೆವು. "ಯಾರೇ ಬರೀಲಿ ಮಾರಾಯ್ತಿ. ಗೆದ್ದವರು ಹುಟ್ಟಿಸಿದ ಸುದ್ದಿ ಅದು. ಸೋತ ಹೆಂಗಸಿನ ಮೇಲೆ ಎಂತ ಬೇಕಾರೂ ಹೇಳ್ಬಹುದಲ್ಲ."

ಅವರು ಹೇಳಿದ್ದು ಬಿದನೂರಿನ ಕೊನೆಯ ರಾಣಿ ವೀರಮ್ಮಾಜಿಯ ಬಗ್ಗೆ. ಹೈದರ್ ಅವಳನ್ನು ಹಿಡಿದು ಮಧುಗಿರಿ ಕೋಟೆಯಲ್ಲಿ ಸೆರೆ ಇಟ್ಟಿದ್ದ. 1767ರಲ್ಲಿ ಮರಾಠರು ಬಿಡಿಸಿದರು. ಪುಣೆಗೆ ಹೋಗುವ ದಾರಿಯಲ್ಲೇ ತೀರಿಹೋದಳು. ನಾಟಕದ ರಾಣಿಗೆ ಬೇರೆ ಹೆಸರಿದೆ, ಕಥೆ ಕಟ್ಟಿದ್ದು, ಇತಿಹಾಸ ಅಲ್ಲ, ನಿಜ. ಆದರೆ ಅದನ್ನು ಆ ಕೋಟೆಯ ಜಗಲಿ ಮೇಲೆ ಕೂತು ಆ ಅಜ್ಜನಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಚೆಲುವಾಂಬೆ ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಿದ್ದಳು. ಮೂರು ತಿಂಗಳು ಅವಳು ಆ ರಾಣಿಯನ್ನು ಸೊಂಟ ಬಳುಕಿಸಿಕೊಂಡೇ ಮಾಡಿದ್ದಳು.

ಜಗಳ ಆದದ್ದು ಅಕ್ಕ ತಂಗಿ ಕೊಳದ ಹತ್ತಿರ. ಕೋಟೆ ಒಳಗೇ ಜೋಡಿ ಕೊಳ. ಮೇಷ್ಟ್ರು ಬುತ್ತಿ ಬಿಚ್ಚಿಸಿ, ಚಿತ್ರಾನ್ನ ಹಂಚುತ್ತಾ, ತಣ್ಣಗೆ ಹೇಳಿದರು: ಬಸವಯ್ಯನ ಗಂಟಲು ಪೂರ್ತಿ ಬರಲ್ಲ. ಅವನ ಉದ್ದ ಮಾತುಗಳನ್ನು ಅರ್ಧ ಮಾಡೋಣ. ಅವನು ಸುಧಾರಿಸಿಕೊಳ್ಳೋಕೆ ಕೊನೇಲಿ ರುದ್ರಾಂಬೆಯ ಸೀನುಗಳನ್ನು ವಾಪಸ್ ಹಾಕೋಣ.

ಹನ್ನೆರಡು ಫೋನು ಟಣ್ ಅಂದವು. "ಹಾಗಾದರೆ ಪೋಸ್ಟರ್ ಮೇಲೆ ನನ್ನ ಫೋಟೋ ಯಾಕೆ?"

ರುದ್ರಾಂಬೆ ತಟ್ಟೆ ಕೆಳಗಿಟ್ಟಳು. "ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ನಾಟಕದ ಹೆಸರು ಬಸವಯ್ಯ ಅಂತ ಇದೆಯಾ?"

ಟಣ್. "ಹ್ಯಾಮ್ಲೆಟ್ ಇಲ್ಲದೆ ಹ್ಯಾಮ್ಲೆಟ್ ಆಡ್ತೀರಾ?"

"ಇದು ಹ್ಯಾಮ್ಲೆಟ್ ಅಲ್ಲ!"

ಅವಳ ಕೂಗು ನೀರಿನ ಮೇಲೆ ಹೋಗಿ ಎದುರಿನ ಗೋಡೆಗೆ ಬಡಿದು ವಾಪಸ್ ಬಂತು. ಆಮೇಲೆ ಇನ್ನೊಂದು ಮಾತು ಅಂದಳು, ಸಣ್ಣ ದನಿಯಲ್ಲಿ. "ಅವನ ಗಂಟಲು ಹೋಯ್ತು ಅಂತ ನನಗೆ ಸೀನು ಕೊಡ್ತೀರಾ ಮೇಷ್ಟ್ರೇ? ಸೀನು ಬೇಕು ಅಂತಲ್ಲ?"

ಮೇಷ್ಟ್ರು ಚಿತ್ರಾನ್ನದ ಕಡ್ಲೆಬೀಜ ಆರಿಸುತ್ತಾ ಕೂತರು. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ. ಉತ್ತರ ಇರಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬಂತು, ಪಾಪ ಅಂತಲೂ ಅನ್ನಿಸಿತು. ಗೀಟು ಹಾಕುವಾಗ ನಾನೇನು ಬೇಡ ಅಂದಿದ್ದೆನಾ?

ದೇವಗಂಗೆ ಕೊಳಗಳನ್ನು ನೋಡುವುದಿತ್ತು. ನೋಡಿದೆವು. ಒಂದೊಂದು ಕೊಳಕ್ಕೆ ಒಂದೊಂದು ಆಕಾರ, ಕನ್ನಡಿ ಥರ ನೀರು. ಯಾರೂ ಯಾರ ಜೊತೆಗೂ ಫೋಟೋ ತೆಗೆಸಿಕೊಳ್ಳಲಿಲ್ಲ.

ನಾಲ್ಕನೇ ದಿನ: ಇಕ್ಕೇರಿ, ಹೆಗ್ಗೋಡು

ಬೆಳಿಗ್ಗೆ ಸಾಗರದಲ್ಲಿ ಇಳಿದುಕೊಂಡಿದ್ದ ಲಾಡ್ಜಿಗೆ ಫೋನು ಬಂತು. ನಾವು ಮೂರು ವಾರದ ಹಿಂದೆ ಗೊತ್ತು ಮಾಡಿದ್ದ ಸಭಾಂಗಣದಲ್ಲಿ ನಾಳೆ ಇನ್ನೊಂದು ಕಾರ್ಯಕ್ರಮ ಇದೆಯಂತೆ. ಮುಂಗಡ ವಾಪಸ್ ಕೊಡುತ್ತೇವೆ ಅಂದರು. ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳುವ ವಯಸ್ಸು ದಾಟಿದೆ ನನಗೆ. ಲಿಂಗಣ್ಣನ ಭಾವನ ಊರು ಹತ್ತಿರದಲ್ಲೇ ಇತ್ತು. ಅಲ್ಲಿಯ ಹುಡುಗರು ಶಾಲೆ ಮೈದಾನ, ಅಡಿಕೆ ಮರದ ಚಪ್ಪರ, ಜನರೇಟರು ಎಲ್ಲಾ ನಾವು ನೋಡ್ಕೊಳ್ತೀವಿ ಬನ್ನಿ ಅಂದರು. ನಾಟಕ ಅಂದರೆ ಸಾಕು, ಆ ಸೀಮೆಯಲ್ಲಿ ಹಾಗೆ.

ಮಧ್ಯಾಹ್ನದ ತನಕ ಬಿಡುವಿತ್ತು. ಇಕ್ಕೇರಿಗೆ ಹೋದೆವು. ಅಘೋರೇಶ್ವರ ದೇವಸ್ಥಾನ, ಎದುರಿಗೆ ದೊಡ್ಡ ನಂದಿ. ಒಳಗೆ ಗರ್ಭಗುಡಿ ಮುಂದಿನ ನೆಲದ ಮೇಲೆ ಕೆಳದಿಯ ಮೂವರು ನಾಯಕರು ಅಡ್ಡಬಿದ್ದಿರುವ ಹಾಗೆ ಕೆತ್ತಿದ್ದಾರೆ, ಹೆಸರು ಸಮೇತ. ಅದರಲ್ಲಿ ಒಬ್ಬನ ಹೆಸರಿನ ಹಿಂದೆ 'ಹುಚ್ಚ' ಅಂತಿದೆ. ಅವನ ಕೈಕಾಲಿಗೆ ಸಂಕೋಲೆ. ದೇವರಿಗೆ ಅಡ್ಡಬೀಳುವಾಗಲೂ ಬಿಚ್ಚಿಲ್ಲ.

ಬಸವಯ್ಯ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ. ತುಂಬಾ ಹೊತ್ತು ಕೂತಿದ್ದ. ಮೂರು ತಿಂಗಳು ಅವನು ಹುಚ್ಚನ ಹಾಗೆ ನಟಿಸುವ ರಾಜಕುಮಾರನನ್ನು ಕೈ ಬೀಸಿ, ಕೂದಲು ಕೆದರಿ, ಕಣ್ಣು ಅರಳಿಸಿ ಮಾಡಿದ್ದ. ಈ ಕಲ್ಲಿನ ಮನುಷ್ಯ ಅಲ್ಲಾಡುವುದಿಲ್ಲ. ಫೋನು ಟಣ್ ಅನ್ನುತ್ತದೆ ಅಂತ ಕಾದೆ. ಅನ್ನಲಿಲ್ಲ. ಬಹುಶಃ ಸಿಗ್ನಲ್ ಇರಲಿಲ್ಲ.

ಹೆಗ್ಗೋಡಿಗೆ ಹೋಗದೆ ಸಾಗರದಿಂದ ಬಂದರೆ ನಾಟಕದವರನ್ನು ಯಾರೂ ನಂಬುವುದಿಲ್ಲ. ಊರಿನ ನೀಲಕಂಠೇಶ್ವರನ ಹೆಸರಲ್ಲಿ 1949ರಲ್ಲಿ ಶುರುವಾದ ನಾಟ್ಯ ಸೇವಾ ಸಂಘ ನೀನಾಸಮ್. ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟಗಳ ನಡುವೆ ಇದನ್ನು ಬೆಳೆಸಿದರು. ರಂಗಶಿಕ್ಷಣ ಕೇಂದ್ರ 1980ರಿಂದ, ನಾಟಕಗಳನ್ನು ಊರೂರಿಗೆ ಒಯ್ಯುವ ತಿರುಗಾಟ 1985ರಿಂದ. ನಾವು ಹೋದಾಗ ಶಿವರಾಮ ಕಾರಂತ ರಂಗಮಂದಿರದಲ್ಲಿ ಹುಡುಗ ಹುಡುಗಿಯರು ರಂಗದ ಕಸ ಗುಡಿಸುತ್ತಿದ್ದರು. ಆಮೇಲೆ ಅದೇ ಜನ ಬಟ್ಟೆ ಬದಲಿಸಿ ತಾಲೀಮಿಗೆ ನಿಂತರು. ದೊರೆ ಆದವನೂ ಗುಡಿಸಿದ್ದ, ಸೇವಕ ಆದವನೂ ಗುಡಿಸಿದ್ದ. ನಮ್ಮ ತಂಡದಲ್ಲಿ ಪೊರಕೆ ಯಾರ ಕೈಲಿರುತ್ತದೆ ಅಂತ ನಾನು ಹೇಳುವುದಿಲ್ಲ. ಅಕ್ಕ ಅಂತ ಸುಮ್ನೆ ಕರೆಯುತ್ತಾರಾ?

ರಾತ್ರಿ ಲಾಡ್ಜಿನ ಮಂಚದ ಮೇಲೆ ಕೂತು ರಬ್ಬರ್ ತೆಗೆದುಕೊಂಡೆ. ಹನ್ನೊಂದು ಪುಟದ ಗೀಟು ಅಳಿಸೋಕೆ ಇಪ್ಪತ್ತು ನಿಮಿಷ ಸಾಕಾಯಿತು. ಆ ಪುಟಗಳಲ್ಲಿ ಅವಳ ಎದುರು ಬರುವವರು ಬೆಳಗಾಗುವುದರೊಳಗೆ ಮಾತು ಕಲಿಯಬೇಕಿತ್ತು. ಎರಡು ಗಂಟೆ ತನಕ ಕಾರಿಡಾರಿನಲ್ಲಿ ಗುನುಗುನು ಕೇಳಿಸುತ್ತಿತ್ತು. ಪಕ್ಕದ ರೂಮಿನ ಸೇಲ್ಸ್‌ಮನ್ ಬಾಗಿಲು ತೆರೆದು, "ಯಾರನ್ನಾದ್ರೂ ಕೊಲ್ಲೋದಿದ್ರೆ ಬೇಗ ಕೊಂದು ಮಲಗ್ರಪ್ಪ" ಅಂದ.

ಐದನೇ ದಿನ: ಪ್ರದರ್ಶನ

ಮೊದಲ ಆಘಾತ ಟ್ರಂಕು ತೆರೆದಾಗ. ರಂಗದ ರಕ್ತ ಅಂತ ಕೆಂಪು ಬಣ್ಣ, ಗ್ಲೂಕೋಸು ಕಲೆಸಿ ಇಟ್ಟಿದ್ದ ಬಾಟಲಿ ಘಾಟಿ ರಸ್ತೆಯ ಕುಲುಕಾಟಕ್ಕೆ ಒಡೆದಿತ್ತು. ದೊರೆಯ ಪ್ರೇತಕ್ಕೆ ಅಂತ ಇಟ್ಟಿದ್ದ ಬಿಳಿ ಪಂಚೆ, ಬಿಳಿ ಮೇಲುಹೊದಿಕೆ ಎರಡೂ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಪ್ರೇತದ ಪಾತ್ರದವರು ಅದನ್ನು ಹಿಡಿದು, "ಇದನ್ನು ಉಟ್ಕೊಂಡು ಸೇಡು ತೀರಿಸು ಮಗನೇ ಅಂದ್ರೆ ಮಗ ಮದುವೆಗೆ ಬಂದೆ ಅಂದ್ಕೊಳ್ತಾನೆ" ಅಂದರು. ಊರಿನವರೊಬ್ಬರು ಒಗೆದ ಪಂಚೆ ತಂದುಕೊಟ್ಟರು. ರಕ್ತಕ್ಕೆ ಏನು ಮಾಡುವುದು? ಸಾಗರಕ್ಕೆ ಹೋಗಿ ಬರೋಕೆ ಗಾಡಿ ಜನರೇಟರ್ ತರಲು ಹೋಗಿತ್ತು.

ಅದು ಅಡಿಕೆ ಸುಗ್ಗಿಯ ಕಾಲ. ಪ್ರತಿ ಮನೆ ಅಂಗಳದಲ್ಲಿ ಹಸಿ ಅಡಿಕೆ ರಾಶಿ, ಹಿತ್ತಿಲಲ್ಲಿ ಹಂಡೆಯಲ್ಲಿ ಕುದಿಯುವ ಅಡಿಕೆ. ಗಾಳಿಯಲ್ಲೇ ಒಂದು ಒಗರು ವಾಸನೆ. ನಮಗೆ ಊಟ ಹಾಕಿದ ಅಮ್ಮ ನನ್ನ ಪೇಚಾಟ ನೋಡಿ, ಒಲೆ ಪಕ್ಕದಿಂದ ಒಂದು ತಂಬಿಗೆ ತಂದಿಟ್ಟರು. ಚೊಗರು. ಅಡಿಕೆ ಬೇಯಿಸಿದ ನೀರು ಬತ್ತಿ ಬತ್ತಿ ಗಟ್ಟಿಯಾಗಿರುತ್ತದಲ್ಲ, ಅದು. ಹೆಗ್ಗೋಡಿನ ಹತ್ತಿರದ 'ಚರಕ' ಅನ್ನುವ ಕೈಮಗ್ಗ ಸಂಘದ ಹೆಂಗಸರು ಇದರಲ್ಲೇ ಬಟ್ಟೆಗೆ ಬಣ್ಣ ಹಾಕುತ್ತಾರೆ. ಬೆರಳಲ್ಲಿ ಮುಟ್ಟಿ ನೋಡಿದೆ. ಕಪ್ಪಿಗೆ ತಿರುಗಿದ ಕೆಂಪು, ಅಂಟು ಅಂಟು. ನಮ್ಮ ಬಾಟಲಿಯದು ಇದರ ಮುಂದೆ ಶರಬತ್ತು.

"ಕಲೆ ಹೋಗೂದಿಲ್ಲ ಮತ್ತೆ, ಈಗಲೇ ಹೇಳಿದೀನಿ" ಅಂದರು ಅಮ್ಮ.

ಏಳು ಗಂಟೆಗೆ ನಾಟಕ ಅಂತ ಮೈಕಿನಲ್ಲಿ ಕೂಗಿಸಿದ್ದೆವು. ಏಳಕ್ಕೆ ಎದುರಿಗೆ ಇದ್ದದ್ದು ಎಂಟು ಮಕ್ಕಳು ಮತ್ತು ಒಂದು ನಾಯಿ. ಬಣ್ಣ ಹಚ್ಚಿಕೊಂಡು ಕೂತವರ ಮುಖ ಬಿಗಿಯತೊಡಗಿತ್ತು. ಬಣ್ಣದ ಮನೆ ಅಂದರೆ ಮೂರನೇ ಕ್ಲಾಸಿನ ಕೋಣೆ, ಗೋ‍ಡೆ ಮೇಲೆ ಮಗ್ಗಿ. ಮೇಷ್ಟ್ರು ಆಚೆ ಈಚೆ ಓಡಾಡುತ್ತಿದ್ದರು. ಯುವಕ ಸಂಘದ ಹುಡುಗ ಬಂದು ಸಮಾಧಾನ ಹೇಳಿದ: "ಅಡಿಕೆ ಸುಲೀತಿದಾರೆ ಸಾರ್. ಇವತ್ತು ಕೊಯ್ದಿದ್ದು ಇವತ್ತೇ ಸುಲಿಬೇಕು. ಒಂಬತ್ತಕ್ಕೆ ಬರ್ತಾರೆ." ಒಂಬತ್ತೂಕಾಲಿಗೆ ಬಂದರು. ಕಂಬಳಿ, ಸ್ವೆಟರು, ಮಫ್ಲರು, ಬ್ಯಾಟರಿ ಸಮೇತ. ಮೈದಾನ ತುಂಬಿ ಕಾಂಪೌಂಡಿನ ಮೇಲೂ ಕೂತರು. ನಗರದ ಅಜ್ಜನೂ ಬಂದಿರಬಹುದಾ ಅಂತ ಸುಮ್ಮನೆ ಒಮ್ಮೆ ಕಣ್ಣಾಡಿಸಿದೆ. ಅಷ್ಟು ದೂರದಿಂದ ಯಾರು ಬರುತ್ತಾರೆ.

ಆದರೆ ಪರದೆ ಏಳುವ ಮೊದಲು ಚೆಲುವಾಂಬೆ ಮೇಷ್ಟ್ರನ್ನು ಕೇಳದೆ ಮೈಕ್ ತೆಗೆದುಕೊಂಡಳು. "ಇದು ಕಟ್ಟಿದ ಕಥೆ. ಬಿದನೂರಿನ ರಾಣಿ ವೀರಮ್ಮಾಜಿಯ ಕಥೆ ಅಲ್ಲ" ಅಂದಳು. ಅಷ್ಟೇ. ಒಳಗೆ ಬಂದು ಸೆರಗು ಸರಿ ಮಾಡಿಕೊಂಡಳು. ಅವತ್ತು ಅವಳ ರಾಣಿ ಸೊಂಟ ಬಳುಕಿಸಲಿಲ್ಲ.

ಬಸವಯ್ಯನಿಗೆ ಅರ್ಧ ಗಂಟಲು ಬಂದಿತ್ತು. ಎತ್ತರಿಸಿದರೆ ಒಡೆಯುತ್ತಿತ್ತು. ಮೈಕು ತೂಗುಹಾಕಿದ್ದೆವು, ಆದರೂ ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಮೊದಲ ಒಂಟಿ ಮಾತಿಗೆ ಅವನು ಮುಂದೆ ಬಂದು, ಕೈ ಎರಡನ್ನೂ ಮೈಗೆ ಅಂಟಿಸಿಕೊಂಡು, ಅಲ್ಲಾಡದೆ ನಿಂತ. ನನಗೆ ಇಕ್ಕೇರಿಯ ಕಲ್ಲು ನೆನಪಾಯಿತು. ಮಾತು ಶುರು ಮಾಡಿದ, ತನ್ನಷ್ಟಕ್ಕೆ ಹೇಳಿಕೊಳ್ಳುವ ಹಾಗೆ. ಕಾಂಪೌಂಡಿನ ಮೇಲಿದ್ದವರು ಇಳಿದು ಮುಂದೆ ಬಂದರು. ಇನ್ನಷ್ಟು ಜನ ಬಂದರು. ಕೊನೆಗೆ ರಂಗದ ಅಂಚಿಗೆ ಗಲ್ಲ ಊರಿಕೊಂಡು ಕೇಳುತ್ತಿದ್ದರು. ನಾಲ್ಕು ವರ್ಷದಿಂದ ಅವನಿಗೆ ಪ್ರಾಂಪ್ಟ್ ಮಾಡುತ್ತಿದ್ದೇನೆ. ಇಷ್ಟು ಚೆನ್ನಾಗಿ ಮಾಡಿದ್ದು ನೋಡಿಲ್ಲ. ಅವನು ಮಾತ್ರ ಒಳಗೆ ಬಂದವನೇ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ "ಕೆಟ್ಟುಹೋಯ್ತು" ಅಂತ ಬರೆದು ಕೂತ. ನಾನು ಅಲ್ಲ ಅಂದರೆ ನಂಬಲಿಲ್ಲ. ಇವತ್ತಿಗೂ ನಂಬಿಲ್ಲ.

ಹನ್ನೊಂದು ಪುಟ ಶುರುವಾಗುವ ಹೊತ್ತಿಗೆ ರಾತ್ರಿ ಹನ್ನೊಂದೂವರೆ. ರುದ್ರಾಂಬೆ ನನ್ನ ಪಕ್ಕ ವಿಂಗಿನಲ್ಲಿ ನಿಂತಿದ್ದಳು. ಬಿಳಿ ಸೀರೆ. ತಂಬಿಗೆಗೆ ಕೈ ಅದ್ದಿದಳು, ಮೊಣಕೈ ತನಕ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಚಳಿಗೋ ಭಯಕ್ಕೋ. ನಾನು ಕಾಪಿ ತೆರೆದು ಟಾರ್ಚು ಹಾಕಿದೆ.

"ಅಕ್ಕ, ಟಾರ್ಚ್ ಆರಿಸಿ. ಕಣ್ಣಿಗೆ ಹೊಡೆಯುತ್ತೆ" ಅಂದಳು.

ಆರಿಸಿದೆ. ಅವಳು ಹೋದಳು. ಕತ್ತಲಲ್ಲಿ ನನಗೆ ಒಂದಕ್ಷರವೂ ಕಾಣುತ್ತಿರಲಿಲ್ಲ. ಬೇಕಾಗಲೂ ಇಲ್ಲ. ಎದುರಿಗಿದ್ದವರಲ್ಲಿ ಇಬ್ಬರು ತಡವರಿಸಿದರು. ಒಂದು ಕಡೆ ಪೂರ್ತಿ ಮರೆತರು. ನಾನು ಟಾರ್ಚಿಗೆ ಕೈ ಹಾಕುವಷ್ಟರಲ್ಲಿ ಅವಳೇ ಅವರ ಮಾತನ್ನು ಪ್ರಶ್ನೆ ಮಾಡಿ ಕೇಳಿ, ಉತ್ತರ ಬಾಯಿಗೆ ಇಟ್ಟು, ಮುಂದೆ ಎಳೆದುಕೊಂಡು ಹೋದಳು. ಅಷ್ಟೂ ಹೊತ್ತು ಮೇಷ್ಟ್ರು ನನ್ನ ಹಿಂದೆ ನಿಂತಿದ್ದರು. ಉಸಿರು ಕೇಳಿಸುತ್ತಿತ್ತು. ಎದುರು ಸಾಲಿನಲ್ಲಿ ಒಬ್ಬ ಹೆಂಗಸು, ಬೆರಳೆಲ್ಲ ಅಡಿಕೆ ಸುಲಿದು ಕಪ್ಪಾದವಳು, ರುದ್ರಾಂಬೆಯ ಕೈ ನೋಡಿ ಪಕ್ಕದವಳಿಗೆ "ನಮ್ಮ ಚೊಗರೇ ಕಣೆ ಅದು" ಅಂದಳು. ಅಂದವಳು ಆಮೇಲೆ ನಗಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಳು.

ಮಂಗಳ ಆದಾಗ ಹನ್ನೆರಡೂವರೆ. ಚಪ್ಪಾಳೆ ಜಾಸ್ತಿ ಬರಲಿಲ್ಲ. ಕಂಬಳಿ ಒಳಗೆ ಕೈ ಇದ್ದವಲ್ಲ. ಆದರೆ ಯಾರೂ ಬೇಗ ಏಳಲಿಲ್ಲ.

ಆರನೇ ದಿನ: ವಾಪಸ್

ಸಿಂಹಾಸನವನ್ನು ಡ್ರೈವರೇ ಕಟ್ಟಿದ. ಬೆಂಗಳೂರಿನ ತನಕ ಒಮ್ಮೆಯೂ ಅಲ್ಲಾಡಲಿಲ್ಲ. ಅವನು ನಾಟಕ ಪೂರ್ತಿ ನೋಡಿದ್ದ. "ಆ ಹುಡುಗಿದೇ ನಾಟಕ ಅಲ್ವಾ ಸಾರ್?" ಅಂತ ಬಸವಯ್ಯನನ್ನೇ ಕೇಳಿದ. ಬಸವಯ್ಯ ಕಿಟಕಿ ಕಡೆ ತಿರುಗಿದ. ಭದ್ರಾವತಿ ದಾಟಿದ ಮೇಲೆ ಗ್ರೂಪಿನಲ್ಲಿ ಟಣ್ ಅಂತು. ಹೊಸ ಪೋಸ್ಟರಿನ ನಕ್ಷೆ ಹಾಕಿದ್ದ. ಎರಡು ಫೋಟೋ ಇದ್ದವು. ಅವನದೇ ಸ್ವಲ್ಪ ದೊಡ್ಡದು.

ಮೇಷ್ಟ್ರು ಮುಂದಿನ ಪ್ರದರ್ಶನಕ್ಕೆ ನಾಟಕ ಎರಡೂಮುಕ್ಕಾಲು ಗಂಟೆ ಆಗುತ್ತೆ, ಎಲ್ಲಿ ಕತ್ತರಿಸೋದು ಅಂತ ಕೇಳಿದರು. ಪೆನ್ಸಿಲ್ ಕಳೆದುಹೋಗಿದೆ ಅಂದೆ.

ಬಿಳಿ ಸೀರೆಯನ್ನು ಎರಡು ಸಲ ನೆನೆ ಹಾಕಿದ್ದೇನೆ. ಚೊಗರು ಕೊಟ್ಟ ಅಮ್ಮ ಹೇಳಿದ್ದು ಸರಿ.